ದೇವರಿಗಷ್ಟೇ ಹೇಳಿದ ಮಾತು

ಸಾಬವ್ವ ಪ್ರಾರ್ಥನೆಗೆ ಎದ್ದು ನಿಂತಳೆಂದರೆ ನಾನು ಪೇಟಿಯ ಮೇಲೆ ಮೊಣಕೈ ಊರಿಕೊಂಡು ಆರಾಮವಾಗಿ ಕೂರುತ್ತಿದ್ದೆ. ಪೇಟಿ ಎಂದರೆ ಹಾರ್ಮೋನಿಯಂ. ಪುಣೆಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಅದನ್ನು ನುಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಶಿವಾಜಿನಗರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನನ್ನನ್ನು ಸಭೆಯವರೆಲ್ಲ ಪೇಟಿ ಮಾಸ್ತರ ಎಂದೇ ಕರೆಯುತ್ತಿದ್ದರು. ಬೇರೆಯವರ ಪ್ರಾರ್ಥನೆಯಾದರೆ ಮುಗಿಯುವ ಸುಳಿವು ಸಿಗುತ್ತದೆ. ದನಿ ಇಳಿಯುತ್ತದೆ, ಬೆರಳು ಸಿದ್ಧ ಮಾಡಿಕೊಳ್ಳಬಹುದು. ಸಾಬವ್ವನದು ಇಳಿಯಿತು ಎನ್ನುವಷ್ಟರಲ್ಲಿ ಮತ್ತೆ ಏರುತ್ತಿತ್ತು. ಬೆಳಗಿನ ಬಿಸಿಲಿಗಾಗಿ ಸ್ತೋತ್ರ, ನಳಕ್ಕೆ ನೀರು ಬಂದದ್ದಕ್ಕಾಗಿ ಸ್ತೋತ್ರ, ಕಾತ್ರಜದಿಂದ ಇಲ್ಲಿಯ ತನಕ ಸುಖವಾಗಿ ತಂದುಬಿಟ್ಟ ಬಸ್ಸಿಗಾಗಿ ಸ್ತೋತ್ರ. ಆಮೇಲೆ ದಿಲ್ಲಿಯಲ್ಲಿ ಕೂತು ದೇಶ ಆಳುವವರಿಗೆ ಬುದ್ಧಿ ಕೊಡು, ನಮ್ಮ ಅಯ್ಯನವರ ಸ್ಕೂಟರಿಗೆ ಕಾವಲಿರು, ಮಾಸ್ತರರ ಬೆರಳಿಗೆ ಬಲ ಕೊಡು. ಬೆರಳಿಗೆ ಬಲ ಏನೋ ಇತ್ತು, ಅವಕ್ಕೆ ಕೆಲಸ ಕೊಡುತ್ತಿರಲಿಲ್ಲ ಈ ಹೆಂಗಸು. ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಹಾಗಿದ್ದರೂ ನನ್ನ ಹೆಂಡತಿ ಕಾಮಾಲೆಯಿಂದ ಹಾಸಿಗೆ ಹಿಡಿದಾಗ ನಾನು ಓಡಿದ್ದು ಕಾತ್ರಜದಲ್ಲಿದ್ದ ಸಾಬವ್ವನ ತಗಡಿನ ಪತ್ರಾ ಮನೆಗೇ. ಸಭೆಯಲ್ಲಿ ಓದಿದವರು, ದೊಡ್ಡ ಹುದ್ದೆಯವರು ಬೇಕಾದಷ್ಟು ಮಂದಿ ಇದ್ದರು. ಧಾರವಾಡ, ಬೆಟಗೇರಿ ಕಡೆಯಿಂದ ಬಂದ ನಾವು ಪುಸ್ತಕ ಹಿಡಿದು ಹಾಡುವವರು, ಗಡಿಯಾರ ನೋಡಿ ಪ್ರಾರ್ಥಿಸುವವರು. ಬೀದರ್, ಗುಲಬರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಭಜನೆಗಳನ್ನು ಬಾಯಿಪಾಠವಾಗಿ ಹಾಡುವವರು. ಇಬ್ಬರೂ ಸೇರಿ ಒಂದು ಮರಾಠಿ ಸಭೆಯವರ ಚರ್ಚನ್ನು ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕೇಳಿಕೊಂಡು ಆರಾಧನೆ ಮಾಡುತ್ತಿದ್ದೆವು. ಒಳಗೊಳಗೇ ಒಬ್ಬರನ್ನೊಬ್ಬರು ಸಹಿಸಿಕೊಳ್ಳುತ್ತಿದ್ದೆವು ಎಂದರೆ ಸುಳ್ಳಲ್ಲ. ಆದರೆ ಮನೆಯಲ್ಲಿ ಕಾಯಿಲೆ ಬಂದರೆ ಎರಡೂ ಕಡೆಯವರಿಗೆ ಸಾಬವ್ವನೇ ಬೇಕು.

ಅವಳು ಹುಮನಾಬಾದ ಕಡೆಯ ಹಳ್ಳಿಯವಳು. ಓದು ಬರಹ ಇಲ್ಲ. ಊರಲ್ಲಿದ್ದಾಗ ಮನೆಮನೆಗೆ ಬರುತ್ತಿದ್ದ ಒಬ್ಬ ಮುದುಕಿ ಬೈಬಲಿನ ವಾಕ್ಯಗಳನ್ನು ಹೇಳಿಕೊಟ್ಟಿದ್ದಳಂತೆ. ಅವೆಲ್ಲ ನಾಲಗೆಯ ತುದಿಯಲ್ಲಿದ್ದವು. ಗಂಡನೊಡನೆ ಪುಣೆಗೆ ಬಂದು ಇಟ್ಟಿಗೆ, ಉಸುಕು ಹೊರುವ ಬಿಗಾರಿ ಕೆಲಸಕ್ಕೆ ನಿಂತಳು. ಹೆತ್ತ ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ. ಗಂಡ ಕ್ಷಯದಿಂದ ತೀರಿಕೊಂಡ. ವಾರವಿಡೀ ಮೇಸ್ತ್ರಿಯ ಬೈಗುಳ ಕೇಳಿ ಬುಟ್ಟಿ ಹೊರುವ ಈ ಹೆಂಗಸು ಭಾನುವಾರ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತರೆ ಬ್ಯಾಂಕಿನ ಮ್ಯಾನೇಜರರೂ ಕಣ್ಣು ಮುಚ್ಚಿ ತಲೆ ಬಾಗಿಸುತ್ತಿದ್ದರು. ಅವಳಿಗೆ ಜಗತ್ತಿನಲ್ಲಿ ಇದ್ದದ್ದು ಅದೊಂದೇ. ಅದರ ಮೇಲೆ ಅವಳಿಗೆ ಸಣ್ಣ ಜಂಬವೂ ಇತ್ತು ಎಂಬುದನ್ನು ಆಮೇಲೆ ಅವಳೇ ಹೇಳಿದಳು, ನಾನು ಹೇಳುತ್ತಿರುವುದಲ್ಲ.

ಸಾಬವ್ವನ ಓಣಿಯಲ್ಲೇ ಅಂಬಾಬಾಯಿಯ ಮನೆ. ಅವಳೂ ನಮ್ಮ ಸಭೆಯವಳೇ. ಮಗ ದತ್ತು ನೆಲಕ್ಕೆ ಫರಸಿ ಕಲ್ಲು ಕೂಡಿಸುವ ಕೆಲಸದವನು, ಕೈ ಶುದ್ಧ, ಕೋಪ ಜಾಸ್ತಿ. ಸೊಸೆ ಶೀತಲ ಇಂದಾಪುರದ ಹುಡುಗಿ. ಅವಳ ತಂದೆ ತಾಯಿ ಕಬ್ಬು ಕಡಿಯಲು ಹೋಗಿ ಅಲ್ಲೇ ನೆಲೆ ನಿಂತವರು. ಮರಾಠಿ ಶಾಲೆಯಲ್ಲಿ ಓದಿದವಳು, ಮಾತು ಕಡಿಮೆ. ಎರಡು ಹೆಣ್ಣುಮಕ್ಕಳಾಗಿದ್ದವು. ಎರಡನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸಾಯುವ ಹಾಗಾಗಿ ಹೇಗೋ ಉಳಿದುಕೊಂಡಿದ್ದಳು. ಅಂಬಾಬಾಯಿಗೆ ಮೊಮ್ಮಗ ಬೇಕಿತ್ತು. ಅದನ್ನು ಅವಳು ಬಚ್ಚಿಟ್ಟವಳಲ್ಲ. ಸಭೆ ಬಿಟ್ಟ ಮೇಲೆ ಚಪ್ಪಲಿ ಹುಡುಕುವ ಹೊತ್ತಿನಲ್ಲೂ ಅದೇ ಮಾತು.

ತೊಂಬತ್ತಾರರ ಮಳೆಗಾಲ ಮುಗಿದ ಮೇಲೆ ಒಂದು ದಿನ, ನಳದ ಹತ್ತಿರ ಬೇರೆ ಯಾರೂ ಇಲ್ಲದ್ದನ್ನು ನೋಡಿ ಶೀತಲ ಸಾಬವ್ವನ ಕೈ ಹಿಡಿದುಕೊಂಡಳಂತೆ.

"ಮೌಶಿ, ನಾ ತಾಂಬಿ ಕೂಡಿಸ್ಕೊಂಡೀನ್ರಿ. ಮನ್ಯಾಗ ಯಾರಿಗೂ ಗೊತ್ತಿಲ್ಲ. ಇನ್ನೊಂದು ಬಾಣಂತನ ನಿನ್ನ ಜೀವಕ್ಕ ಛಲೋ ಅಲ್ಲ ಅಂತ ಡಾಕ್ಟರಬಾಯಿ ಅಂದಾರ. ಅತ್ತಿಯವರಿಗಿ ಹೇಳಿದ್ರ ಕೇಳಂಗಿಲ್ಲ. ಇದು ಪಾಪ ಏನ್ರಿ?"

ಮಕ್ಕಳಾಗದಂತೆ ದವಾಖಾನೆಯಲ್ಲಿ ಗರ್ಭದೊಳಗೆ ಕೂಡಿಸುವ ತಾಮ್ರದ ಸಾಧನಕ್ಕೆ ಪುಣೆಯ ಹೆಂಗಸರು ತಾಂಬಿ ಎನ್ನುತ್ತಾರೆ. ಸಾಬವ್ವ ಆ ಹುಡುಗಿಯ ತಲೆ ಸವರಿದಳು.

"ಜೀವಾ ಉಳಿಸ್ಕೊಳ್ಳೋದು ಪಾಪ ಹ್ಯಾಂಗ ಆಗ್ತದ ಮಗಳ? ಅಂಜಬ್ಯಾಡ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ದೇವರಿಗಷ್ಟೇ ಹೇಳ್ತೀನಿ."

ಈ ಮಾತನ್ನು ಅವಳು ಮನಸ್ಸಿಟ್ಟೇ ಹೇಳಿದ್ದಳು. ಓಣಿಯಲ್ಲಿ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹೆಂಗಸರು ಕೂತು ಹರಟುವ ಜಾಗಗಳಲ್ಲಿ ಅವಳಿಂದ ಆ ವಿಷಯ ಹೊರಬೀಳಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಡಿಸೆಂಬರಿನಲ್ಲಿ ಅಂಬಾಬಾಯಿ ಮನೆಯಲ್ಲಿ ಸ್ತೋತ್ರಕೂಟ ಇಟ್ಟುಕೊಂಡಳು. ಮನೆಗೆ ಹೊಸ ಪತ್ರಾ ಹಾಕಿಸಿದ್ದಕ್ಕಾಗಿ ಎಂದು ಹೆಸರು. ನಮ್ಮಲ್ಲಿ ಇದು ವಾಡಿಕೆ. ಒಳ್ಳೆಯದಾದರೆ ಸಭೆಯವರನ್ನು ಮನೆಗೆ ಕರೆದು ಹಾಡು, ವಾಕ್ಯ, ಪ್ರಾರ್ಥನೆ ಮಾಡಿಸಿ ಚಹಾ ಚಿವಡಾ ಕೊಡುವುದು. ಪ್ರಾರ್ಥನೆಗೆ ಮೊದಲು ಅಯ್ಯನವರು ಮನೆಯವರ ಬೇಡಿಕೆ ಏನೆಂದು ಕೇಳುತ್ತಾರೆ. ನಮ್ಮ ಸಭಾಪಾಲಕರು ದೇವದಾಸ್ ಅಯ್ಯನವರು ಕೇಳಿದರು. ಅಂಬಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, ತನ್ನ ವಂಶಕ್ಕೊಂದು ಗಂಡು ಕೂಸು ಬೇಕು, ಸಾಬವ್ವನೇ ಪ್ರಾರ್ಥನೆ ಮಾಡಬೇಕು ಎಂದಳು. ಶೀತಲ ಒಲೆಯ ಹತ್ತಿರ ಸಣ್ಣ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು.

ಸಾಬವ್ವ ಎದ್ದಳು. ಬಿಸಿಲು, ನಳ, ಪತ್ರಾ ಎಲ್ಲಕ್ಕೂ ಸ್ತೋತ್ರ ಹೇಳಿ ಮುಗಿಸಿದಳು. ಅಂಬಾಬಾಯಿ ಬಿಕ್ಕುತ್ತಿದ್ದಳು. "ಹೌದು ಕರ್ತನೇ, ಹೌದು ಕರ್ತನೇ" ಎಂದು ಸುತ್ತಲಿನವರ ದನಿ ಏರಿತು. ಸಾಬವ್ವನ ದನಿ ಅದಕ್ಕಿಂತ ಮೇಲೆ ಹೋಯಿತು.

"ಕರ್ತನೇ, ನಿನಗ ಗೊತ್ತಿಲ್ಲದ್ದು ಏನದ? ಈ ನಿನ್ನ ಮಗಳು ಶೀತಲ ಜೀವಕ್ಕ ಅಂಜಿ, ಮನಿ ಮಂದಿಗಿ ಹೇಳದೆ ತಾಂಬಿ ಕೂಡಿಸ್ಕೊಂಡಾಳ. ಆಕಿ ಅಂಜಿಕಿ ತಗಿ ತಂದೆ. ಮುಚ್ಚಿದ ಗರ್ಭ ತೆರಿಯೋ ದೇವರು ನೀನು. ಆಕಿ ಜೀವಾನೂ ಕಾಯಿ, ಈ ಮನಿಗಿ ಗಂಡು ಕೂಸೂ ಕೊಡು."

"ಹೌದು ಕರ್ತನೇ" ಎನ್ನುವ ದನಿಗಳು ಒಂದೊಂದಾಗಿ ನಿಂತುಹೋದವು. ಅವಳಿಗೆ ಅದು ತಿಳಿಯಲಿಲ್ಲ, ಅಥವಾ ತಿಳಿದರೂ ನಿಲ್ಲಿಸಲಾಗಲಿಲ್ಲ. ಮುಂದುವರಿಸಿ ಆಮೆನ್ ಎನ್ನುವ ಹೊತ್ತಿಗೆ ಕೋಣೆಯಲ್ಲಿ ಅವಳದೊಂದೇ ದನಿ ಇತ್ತು. ನಾನು ಕಣ್ಣು ತೆರೆದೆ. ಶೀತಲ ತಲೆ ಎತ್ತಿರಲಿಲ್ಲ. ದತ್ತು ಎದ್ದು ಹೊರಗೆ ಹೋದ. ಅಯ್ಯನವರು ನನ್ನ ಕಡೆ ನೋಡಿ ಏನಾದರೂ ನುಡಿಸಿ ಎಂದು ಕೈ ಮಾಡಿದರು. ನಾನು ಏನೋ ನುಡಿಸಿದೆ, ಯಾರೂ ಹಾಡಲಿಲ್ಲ. ಆ ದಿನ ಚಹಾ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಬಸ್ ಸ್ಟಾಪಿಗೆ ನಡೆದೆವು.

ಮರುದಿನ ದತ್ತು ತಾಂಬಿ ತೆಗೆಸಲು ಹೆಂಡತಿಯನ್ನು ದವಾಖಾನೆಗೆ ಎಳೆದುಕೊಂಡು ಹೋದ. ಸಾಬವ್ವ ಓಣಿಯ ತುದಿಯಲ್ಲಿ ಅಡ್ಡ ನಿಂತು ಬೇಡಿಕೊಂಡಳು. ಅವನು ಹಿರಿಯಳೆಂದು ಕೈ ಎತ್ತಲಿಲ್ಲ, ಪಕ್ಕಕ್ಕೆ ಸರಿಸಿದ. ಶೀತಲಳ ತುಟಿ ಬಾತಿತ್ತು. ಅವಳು ಹಾದುಹೋಗುವಾಗ ಒಂದು ಕ್ಷಣ ನಿಂತು, ಮೆಲ್ಲಗೆ, "ದೇವರಿಗಷ್ಟೇ ಹೇಳ್ತೀನಿ ಅಂದಿದ್ರಿ" ಎಂದಳು.

ಅದು ಅವಳು ಸಾಬವ್ವನೊಡನೆ ಆಡಿದ ಕೊನೆಯ ಮಾತಾಯಿತು, ಬಹಳ ವರ್ಷಗಳವರೆಗೆ.

ಮುಂದಿನ ದೀಪಾವಳಿಯ ಹೊತ್ತಿಗೆ ಗಂಡು ಮಗು ಹುಟ್ಟಿತು. ಡಾಕ್ಟರಬಾಯಿ ಹೇಳಿದ್ದು ಸುಳ್ಳಾಗಲಿಲ್ಲ. ರಕ್ತ ನಿಲ್ಲಲಿಲ್ಲ. ಸಭೆಯ ಗಂಡಸರು ಹೋಗಿ ರಕ್ತ ಕೊಟ್ಟೆವು. ಗರ್ಭಚೀಲ ತೆಗೆದು ಜೀವ ಉಳಿಸಿದರು. ಆ ಹುಡುಗಿ ಆಸ್ಪತ್ರೆಯಲ್ಲಿ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿ ಮಲಗಿದ್ದಾಗ, ಅಂಬಾಬಾಯಿ ಭಾನುವಾರ ಸಭೆಗೆ ಪೇಢೆಯ ಡಬ್ಬಿ ತಂದಳು. ಎದ್ದು ನಿಂತು ಸಾಕ್ಷಿ ಹೇಳಿದಳು. ಸಾಬವ್ವನ ಪ್ರಾರ್ಥನೆಗೆ ದೇವರು ಉತ್ತರ ಕೊಟ್ಟ, ಮಗುವಿಗೆ ಸಮುವೇಲ ಎಂದು ಹೆಸರಿಡುತ್ತೇವೆ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಡಿಸೆಂಬರಿನಲ್ಲಿ ತಲೆ ತಗ್ಗಿಸಿ ಮನೆಗೆ ಹೋದವರೇ ಈಗ ಪೇಢೆ ಬಾಯಿಗೆ ಹಾಕಿಕೊಂಡು ಸ್ತೋತ್ರ ಹೇಳಿದರು. ಗಂಡು ಕೂಸು ಹುಟ್ಟಿದರೆ ಮಂದಿ ಏನನ್ನೂ ಮರೆಯುತ್ತಾರೆ ಎಂಬುದನ್ನು ನಾನು ಅಂದು ಕಂಡೆ. ಮೂವರು ನಾಲ್ವರು ಹೆಂಗಸರು ಸಾಬವ್ವನ ಸುತ್ತ ನಿಂತು ತಮ್ಮ ಮನೆಗೂ ಬಂದು ಪ್ರಾರ್ಥನೆ ಮಾಡಬೇಕೆಂದು ಕರೆದರು. ಅವಳು ಅವರ ನಡುವಿನಿಂದ ನುಸುಳಿ ಪಕ್ಕದ ಬಾಗಿಲಿನಿಂದ ಹೊರಟೇಹೋದಳು. ಆ ದಿನದಿಂದ ಸಭೆಯಲ್ಲಿ ಅವಳು ಬಾಯಿ ಬಿಟ್ಟು ಪ್ರಾರ್ಥಿಸಲಿಲ್ಲ.

ನನ್ನ ಪೇಟಿ ಇನ್ನು ಯಾರಿಗಾಗಿಯೂ ಕಾಯಬೇಕಾಗಿರಲಿಲ್ಲ. ಸಂತೋಷವಾಗಬೇಕಿತ್ತು. ಆಗಲಿಲ್ಲ. ನಮ್ಮ ಆರಾಧನೆ ಹೊತ್ತಿಗೆ ಸರಿಯಾಗಿ ಮುಗಿದು ನಾವು ಬೇಗ ಮನೆಗೆ ಹೋಗಿ ಟಿ.ವಿ. ನೋಡುತ್ತಿದ್ದೆವು, ಅಷ್ಟೇ.

ಸಾಬವ್ವ ದೇವದಾಸ್ ಅಯ್ಯನವರ ಹತ್ತಿರ ಹೋಗಿ ಅತ್ತಳು. ಅವರು ಒಳ್ಳೆಯ ಮನುಷ್ಯರು, ಆದರೆ ಎರಡು ಸಭೆ ನೋಡಿಕೊಳ್ಳುವ ಅವಸರದವರು. ಒಂದು ಕಾಲು ಸ್ಕೂಟರಿನ ಕಿಕ್ಕಿನ ಮೇಲೇ ಇರುತ್ತಿತ್ತು. ಅವರು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಪಶ್ಚಾತ್ತಾಪ ಪಟ್ಟಿದ್ದೀರಿ, ದೇವರು ಕ್ಷಮಿಸಿದ್ದಾರೆ, ಮನಸ್ಸಿನಿಂದ ತೆಗೆದುಹಾಕಿ ಎಂದರು.

"ಅಯ್ಯನವರು ಭಾಳ ಲಗೂನ ಕ್ಷಮಾ ಮಾಡಿಬಿಟ್ರು ಮಾಸ್ತರ," ಎಂದು ಅವಳು ಆಮೇಲೆ ನನ್ನ ಹತ್ತಿರ ಅಂದಳು. "ಹೊಡ್ತ ಬಿದ್ದಿದ್ದು ಅವರಿಗಲ್ಲ."

ಆದರೂ ಅಯ್ಯನವರು ಸ್ಕೂಟರು ಹತ್ತುವಾಗ ಹೇಳಿದ ಇನ್ನೊಂದು ಮಾತನ್ನು ಅವಳು ಹಿಡಿದುಕೊಂಡಳು. ಇಷ್ಟು ವರ್ಷ ನೀವು ದೇವರಿಗೆ ಹೇಳಿದ್ದೇ ಆಯಿತು, ಇನ್ನು ಸ್ವಲ್ಪ ದಿನ ಸುಮ್ಮನೆ ಕೂತು ಅವರು ಏನು ಹೇಳುತ್ತಾರೋ ಕೇಳಿ, ಎಂದಿದ್ದರು ಅವರು. ಭಾನುವಾರದ ಪ್ರಸಂಗದಲ್ಲಿ ನೂರು ಸಲ ಹೇಳಿರಬಹುದಾದ ಮಾತು. ಹೇಳಿದವರು ಮರೆತರು, ಕೇಳಿದ ನಾವೂ ಮರೆತೆವು. ಸಾಬವ್ವ ಒಬ್ಬಳು ಅದನ್ನು ಮಾಡಲು ಹೊರಟಳು.

ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಬಾಗಿಲ ಹತ್ತಿರ ಚಾಪೆ ಹಾಸಿ ಬಾಯಿ ಮುಚ್ಚಿ ಕೂರುವುದು. ಮೊದಮೊದಲು ಅವಳಿಗೆ ಅದು ಶಿಕ್ಷೆಯೇ ಆಯಿತು. ಹುಟ್ಟಿದಾಗಿನಿಂದ ಮಾತಾಡಿದ ನಾಲಗೆ ಸುಮ್ಮನಿರುತ್ತದೆಯೇ? ಒಳಗೇ ವಾಕ್ಯಗಳನ್ನು ಉರುಳಿಸುತ್ತಿತ್ತಂತೆ, ಒಳಗೇ ಪ್ರಾರ್ಥನೆ ಕಟ್ಟುತ್ತಿತ್ತಂತೆ, ಅದು ಎಷ್ಟು ಚೆನ್ನಾಗಿದೆ ಎಂದು ಒಳಗೇ ಹಿಗ್ಗುತ್ತಿತ್ತಂತೆ. ಸಾತಾರಾ ರಸ್ತೆಯ ಲಾರಿಗಳ ಸದ್ದು, ನಳದ ಜಗಳ, ಎಲ್ಲ ಕೇಳಿಸಿದವು. ದೇವರದು ಏನೂ ಕೇಳಿಸಲಿಲ್ಲ. ದಿನ ಕಳೆದಂತೆ ಎಲ್ಲ ಸದ್ದಿನ ಕೆಳಗಿನಿಂದ ಒಂದೇ ಮಾತು ಮೇಲೆ ಬರತೊಡಗಿತು. ದೇವರಿಗಷ್ಟೇ ಹೇಳ್ತೀನಿ ಅಂದಿದ್ರಿ.

"ಕುಂತ್ರ ಅದೇ ಮಾತು ಬರ್ತದ್ರಿ. ಮದಲ ಸೈತಾನ ಚುಚ್ಚಲತ್ತಾನ ಅಂದೆ. ಓಡಸ್ಲಿಕ್ ನೋಡ್ದೆ. ಓಡಲಿಲ್ಲ." ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಕೂತು ಅವಳು ನನಗೆ ಹೇಳಿದಳು. "ಆಮ್ಯಾಲ ತಿಳೀತು. ನಾ ಯಾರ ದನಿ ಕೇಳ್ಬೇಕಂತ ಕುಂತೀನೋ ಅವನೇ ಹೇಳ್ಲತ್ತಾನ. ಆಕಿ ಬಾಯಿಲೆ ಹೇಳ್ಯಾನ, ಅಷ್ಟೇ."

ನಾನು ಸಮಾಧಾನ ಹೇಳಲು ನೋಡಿದೆ. ನೀನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲವಲ್ಲ, ಪ್ರಾರ್ಥನೆಯ ಭರದಲ್ಲಿ ಬಾಯಿ ಜಾರಿತು ಎಂದೆ.

ಅವಳು ಒಪ್ಪಲಿಲ್ಲ. "ಕಣ್ಣು ಮುಚ್ಚಿದ್ದೆ ಖರೆ. ಮಂದಿ ಕೇಳ್ಲತ್ತಾರಂತ ಗೊತ್ತಿತ್ತು. ಅಂಬಾಬಾಯಿ ಅಳೋದು ಕೇಳಿ ನನಗ ಇನ್ನಷ್ಟು ಜೋರು ಬಂತು. ನನ್ನ ಪ್ರಾರ್ಥನಾ ತೂಕದ್ದು ಆಗ್ಬೇಕಿತ್ತು, ಆ ಹುಡುಗಿ ಮಾತು ತಗದು ಅದಕ್ಕ ಹಾಕ್ದೆ. ಬಾಯಿ ಜಾರಿಲ್ಲ ಮಾಸ್ತರ."

ಅಂದಿನಿಂದ ಅವಳ ಮುಖದಲ್ಲಿ ಒಂದು ಬಗೆಯ ಕುಗ್ಗು ಬಂದುಬಿಟ್ಟಿತು. ತಪ್ಪು ಮಾಡಿದ ಮಕ್ಕಳು ಯಾರಾದರೂ ಕರೆದರೆ ಬೆಚ್ಚುವ ಹಾಗೆ ಬೆಚ್ಚುತ್ತಿದ್ದಳು.

ಶೀತಲಳಿಗೆ ಆಸ್ಪತ್ರೆಯಿಂದ ಬಂದ ಮೇಲೂ ಕೊಡ ಎತ್ತುವ ಶಕ್ತಿ ಬರಲಿಲ್ಲ. ಒಂದು ಕಟ್ಟಡದ ಮೆಟ್ಟಿಲು ಒರೆಸುವ ಕೆಲಸವಿತ್ತು, ಅದು ಹೋಯಿತು. ಸಾಬವ್ವ ತನ್ನ ದುಡಿಮೆ ಮುಗಿಸಿ ಬಂದು ಅವಳ ಮನೆಯ ನೀರು ತುಂಬತೊಡಗಿದಳು, ಭಾಂಡಿ ತಿಕ್ಕತೊಡಗಿದಳು, ಕೂಸಿನ ಬಟ್ಟೆ ಒಗೆಯತೊಡಗಿದಳು. ಅಂಬಾಬಾಯಿಗೆ ಖುಷಿಯೋ ಖುಷಿ. ಪ್ರಾರ್ಥನೆಯ ಹೆಂಗಸು ತಮ್ಮ ಮನೆ ಸೇರಿದ್ದು ಆಶೀರ್ವಾದ ಎಂದುಕೊಂಡಳು. ಶೀತಲ ಬೇಡ ಎನ್ನಲಿಲ್ಲ, ಬಾ ಎನ್ನಲಿಲ್ಲ. ಸಾಬವ್ವ ಬಂದ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು. ಹೆಣ್ಣುಮಕ್ಕಳು ದೊಡ್ಡವರಾದರು. ಸಮುವೇಲ ಸಾಬವ್ವನನ್ನು ಅಜ್ಜಿ ಎಂದು ಕರೆಯಲು ಕಲಿತ. ಅವನು ಕತ್ತಿಗೆ ಜೋತುಬಿದ್ದಾಗಲೆಲ್ಲ ಅವಳು ಒಳಬಾಗಿಲ ಕಡೆ ಕದ್ದು ನೋಡುತ್ತಿದ್ದಳು, ಈ ಪ್ರೀತಿಯೂ ತನ್ನದಲ್ಲ ಎನ್ನುವಂತೆ.

ವರ್ಷಕ್ಕೊಮ್ಮೆ ಹುಡುಗನ ಹುಟ್ಟುಹಬ್ಬಕ್ಕೆ ಅಂಬಾಬಾಯಿ ಸ್ತೋತ್ರಕೂಟ ಇಡುತ್ತಿದ್ದಳು. ಎದ್ದು ನಿಂತು ಅದೇ ಸಾಕ್ಷಿ. ವರ್ಷ ಹೋದಂತೆ ಅದಕ್ಕೆ ರೆಕ್ಕೆಪುಕ್ಕ ಹುಟ್ಟಿತು. ಸಾಬವ್ವ ಉಪವಾಸವಿದ್ದಳು ಎಂದು ಒಂದು ವರ್ಷ ಸೇರಿತು. ಪ್ರಾರ್ಥಿಸುವಾಗ ಅವಳ ಮುಖ ಹೊಳೆಯುತ್ತಿತ್ತು ಎಂದು ಇನ್ನೊಂದು ವರ್ಷ. ತಾಂಬಿಯ ಮಾತು ಮಾತ್ರ ಅದರಿಂದ ಮೆಲ್ಲಗೆ ಬಿದ್ದುಹೋಯಿತು. ಸಾಬವ್ವ ಬಾಗಿಲ ಹತ್ತಿರ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಹೊಸದಾಗಿ ಸಭೆಗೆ ಬಂದವರು, ಎಂಥ ದೀನ ಮನಸ್ಸು, ದೇವರಿಗೆ ತೆರೆದ ಹೃದಯ ಎಂದರೆ ಇದು, ಎಂದು ಪಿಸುಗುಟ್ಟುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಮಾತು ಬಿಟ್ಟು ಮೌನ ಕಲಿತಳು, ತಪ್ಪಿಗೆ ತಕ್ಕ ಪಾಠವಾಯಿತು ಎಂದು ನನ್ನೊಳಗೆ ಅವಳ ಕಥೆಯನ್ನು ಮುಗಿಸಿಯೇಬಿಟ್ಟಿದ್ದೆ.

ಕಥೆ ಮುಗಿದಿರಲಿಲ್ಲ. ಎರಡು ಸಾವಿರದ ಐದರಲ್ಲಿ, ಹುಟ್ಟುಹಬ್ಬದ ಹಿಂದಿನ ದಿನ ಮಧ್ಯಾಹ್ನ, ಸಾಬವ್ವ ಹಿತ್ತಲಲ್ಲಿ ಭಾಂಡಿ ತಿಕ್ಕುತ್ತಿದ್ದಳು. ಅಂಬಾಬಾಯಿ ಬಾಜಾರಕ್ಕೆ ಹೋಗಿದ್ದಳು. ಮಕ್ಕಳು ಶಾಲೆಯಲ್ಲಿದ್ದರು. ಶೀತಲ ಒಳಗಿನಿಂದ ಬಂದು ಹೊಸ್ತಿಲ ಮೇಲೆ ಕೂತಳು.

ಅವಳು ಮಾತಾಡಿದಳು. ದತ್ತು ಅಂದು ಹೊಡೆದದ್ದು, ದವಾಖಾನೆಯಲ್ಲಿ ಡಾಕ್ಟರಬಾಯಿ ಬೈದಾಗ ಅವನು ಹೊರಗೆ ನಿಂತು ಬೀಡಿ ಸೇದಿದ್ದು, ಹೊಟ್ಟೆಯಲ್ಲಿ ಕೂಸು ನಿಂತ ದಿನದಿಂದ ಪ್ರತಿ ಬೆಳಗೂ ಇನ್ನೆಷ್ಟು ದಿನ ಬದುಕುತ್ತೇನೋ ಎಂದು ಎದ್ದದ್ದು, ಇಬ್ಬರು ಹೆಣ್ಣುಮಕ್ಕಳ ಜಡೆ ಹೆಣೆಯುವಾಗ ತನ್ನ ನಂತರ ಇವರಿಗೆ ಯಾರು ಹೆಣೆಯುತ್ತಾರೆ ಎಂದು ಅತ್ತದ್ದು. ಒಂದನ್ನೂ ಬಿಡದೆ ಹೇಳಿದಳಂತೆ. ಸಾಬವ್ವನಿಗೆ ಹಳೆಯ ಚಾಳಿಯಂತೆ ಬಾಯಿ ತೆರೆಯಿತು. ಪ್ರಾರ್ಥನೆ ಮಾಡೋಣ ಮಗಳೇ ಎಂದು ಹೇಳಲು ನಾಲಗೆ ಎದ್ದೇ ಎದ್ದಿತು. ಅವಳು ಹಲ್ಲು ಕಚ್ಚಿ ಹಿಡಿದಳು. ಕೈಯ ಮೇಲಿನ ಸಾಬೂನು ಒಣಗಿ ಬಿಗಿಯಿತು. ತಾನು ಮಾಡಿದ್ದು ಏನೆಂದು ಅಂದು ಮೊದಲ ಸಲ ಪೂರ್ತಿ ಕೇಳಿದಳು.

"ಮಂದಿ ನೀವು ಭಾಳ ದೀನ ಅಂತಾರ ಮೌಶಿ," ಎಂದಳು ಶೀತಲ ಕೊನೆಗೆ. "ವರ್ಷಾ ವರ್ಷಾ ಅತ್ತಿ ಎದ್ದು ನಿಂತು ನಿಮ್ಮ ಪ್ರಾರ್ಥನಾ ಅಂತಾರ. ನೀವು ತಲಿ ಬಗ್ಗಿಸ್ಕೊಂಡು ಕುಂದರ್ತೀರಿ. ನಾ ಒಳಗ ಚಹಾ ಕುದಸ್ಕೋತ ಕೇಳ್ತೀನಿ. ಹೇಳಬಾರದಾಗ ಹೇಳಿದ್ರಿ. ಹೇಳಬೇಕಾದಾಗ ಬಾಯಿ ಮುಚ್ಚೀರಿ."

ಸಾಬವ್ವನಿಗೆ ತಲೆ ಎತ್ತಲಾಗಲಿಲ್ಲ. ಇಷ್ಟು ವರ್ಷ ದೇವರ ಮುಂದೆ ಕೂತು ಕೇಳಿದೆ ಎಂದುಕೊಂಡಿದ್ದಳು. ಪಕ್ಕದ ಕೋಣೆಯಲ್ಲಿದ್ದ ಹುಡುಗಿಯನ್ನು ಕೇಳಿಸಿಕೊಂಡಿರಲಿಲ್ಲ. ಮೌನವೂ ತನಗೆ ಹೊದಿಕೆಯಾಗಿತ್ತು ಎಂದು ತಿಳಿದಾಗ, ಮೊದಲಿನ ತಪ್ಪಿಗಿಂತ ಈ ತಪ್ಪು ಹೆಚ್ಚು ಸುಟ್ಟಿತು ಎಂದು ನನಗೆ ಹೇಳಿದಳು. ಶೀತಲಳನ್ನು ಒಂದೇ ಪ್ರಶ್ನೆ ಕೇಳಿದಳು.

"ನಾಳಿ ಎದ್ದು ನಿಂದರ್ತೀನಿ ಮಗಳ. ಎಷ್ಟು ಹೇಳ್ಲಿ?"

ಶೀತಲ ಯೋಚಿಸಿದಳು. "ನಿಮ್ಮದು ಹೇಳ್ರಿ. ನಂದು ಬಿಡ್ರಿ."

ಮರುದಿನ ಸಂಜೆ ಕೂಟ ತುಂಬಿತ್ತು. ಗೋಡೆಗೆ ಬಣ್ಣದ ಕಾಗದ ಅಂಟಿಸಿದ್ದರು. ಅಂಬಾಬಾಯಿ ಹೊಸ ಸೀರೆಯಲ್ಲಿ ಸಾಕ್ಷಿ ಹೇಳಿ ಕೂತಳು. ಅಯ್ಯನವರು ನನಗೆ ಸನ್ನೆ ಮಾಡಿದರು. ನಾನು ಪೇಟಿಯ ತಿದಿ ಒತ್ತುವಷ್ಟರಲ್ಲಿ ಬಾಗಿಲ ಹತ್ತಿರ ಸಾಬವ್ವ ಎದ್ದು ನಿಂತಳು. ಸಭೆಯೆಲ್ಲ ಹಿಗ್ಗಿತು. ಇಷ್ಟು ವರ್ಷಗಳ ಮೇಲೆ ಪ್ರಾರ್ಥನೆ ಮಾಡುತ್ತಾಳೆ ಎಂದು ಎಲ್ಲರೂ ಕಣ್ಣು ಮುಚ್ಚಿದರು.

"ಕಣ್ಣು ತೆರೀರಿ," ಎಂದಳು ಅವಳು. "ನಾ ದೇವರಿಗಿ ಹೇಳ್ಲತ್ತಿಲ್ಲ, ನಿಮಗ ಹೇಳ್ಲತ್ತೀನಿ."

ಸಮುವೇಲನನ್ನು ಹತ್ತಿರ ಕರೆದು ಅವನ ಹೆಗಲ ಮೇಲೆ ಕೈಯಿಟ್ಟುಕೊಂಡಳು.

"ಈ ಕೂಸಿಗಿ ಜೀವಾ ಕೊಟ್ಟಾಂವ ದೇವರು. ತನ್ನ ಜೀವಾ ಒತ್ತೆ ಇಟ್ಟು ಹೆತ್ತಾಕಿ ಇದರ ಅವ್ವ. ಅದರಾಗ ನಂದು ಏನೂ ಇಲ್ಲ. ನಾ ಆ ದಿನ ಈ ಮನ್ಯಾಗ ಪ್ರಾರ್ಥನಾ ಮಾಡಿಲ್ಲ. ಒಬ್ಬಾಕಿ ನನ್ನ ನಂಬಿ ಹೇಳಿದ ಮಾತು ನಾ ಕಣ್ಣು ಮುಚ್ಚಿ ನಿಮ್ಮ ಮುಂದ ಹೇಳೀನಿ. ದೇವರ ಹೆಸರು ತಗೊಂಡು ಚಾಡಿ ಹೇಳೀನಿ. ಆಮ್ಯಾಲ ಇಷ್ಟು ವರ್ಷ ನೀವು ಹೊಗಳೋದು ಕೇಳ್ಕೋತ ಸುಮ್ಮ ಕುಂತೀನಿ. ಅದೂ ನನ್ನ ತಪ್ಪೇ. ಇನ್ನ ಮ್ಯಾಲ ಯಾರೂ ಅದಕ್ಕ ಪ್ರಾರ್ಥನಾ ಅನಬ್ಯಾಡ್ರಿ."

ಅಷ್ಟೇ. ಸಾಬವ್ವ ಜೀವಮಾನದಲ್ಲಿ ಇಷ್ಟು ಚಿಕ್ಕದಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಹಬ್ಬದ ದಿನಾನೇ ಬೇಕಾಗಿತ್ತೇನ ನಿನಗಿದು?" ಎಂದು ಅಂಬಾಬಾಯಿ ಸಿಡಿದಳು. "ನನ್ನ ಮೊಮ್ಮಗನ ಮುಂದ, ಮಂದಿ ಮುಂದ ಮಾನಾ ಕಳದಿ!" ದತ್ತು ನೆಲ ನೋಡುತ್ತಿದ್ದ. ಈ ಸಲ ಎದ್ದು ಹೊರಗೆ ಹೋಗಲಿಲ್ಲ. ಅಂಬಾಬಾಯಿಯ ಬೈಗುಳ ನಡೆದೇ ಇತ್ತು. ಸಾಬವ್ವ ಎಲ್ಲವನ್ನೂ ನಿಂತೇ ಕೇಳಿದಳು. ಹುಡುಗ ಅವಳ ಸೆರಗು ಹಿಡಿದುಕೊಂಡು ಅತ್ತಿತ್ತ ನೋಡುತ್ತಿದ್ದ.

ಶೀತಲ ಒಳಗಿನಿಂದ ಚಹಾದ ತಟ್ಟೆ ಹಿಡಿದು ಬಂದಳು. ಅತ್ತೆಯ ಕಡೆ ನೋಡಲಿಲ್ಲ. ಎಲ್ಲರಿಗೂ ಕೊಡುತ್ತ ಬಾಗಿಲ ಹತ್ತಿರ ಬಂದು ಸಾಬವ್ವನಿಗೂ ಒಂದು ಕಪ್ಪು ಕೊಟ್ಟಳು.

"ನಾಳಿಂದ ಭಾಂಡಿ ತಿಕ್ಲಿಕ್ ಬರಬ್ಯಾಡ್ರಿ ಮೌಶಿ," ಎಂದಳು. "ಬರೋದಿದ್ರ ಸುಮ್ಮ ಬರ್ರಿ. ಕುಂದರ್ಲಿಕ್."

ಕೂಟ ಮುಗಿದ ಮೇಲೆ ಸಾಬವ್ವ ನನ್ನ ಪೇಟಿಯ ಒಂದು ಬದಿ ಹಿಡಿದುಕೊಂಡು ಬಸ್ ಸ್ಟಾಪಿನವರೆಗೆ ಬಂದಳು. ನನಗೆ ಸುಮ್ಮನಿರಲಾಗಲಿಲ್ಲ. ನನ್ನ ಮನಸ್ಸು ಹಗುರಾಗಿತ್ತು, ಅವಳದೂ ಆಗಿರಬೇಕು ಎಂದುಕೊಂಡಿದ್ದೆ.

"ಅಂದ್ರ ಶೀತಲ ಕ್ಷಮಾ ಮಾಡಿದಂಗಾತಲ್ಲ, ಸಾಬವ್ವ?"

"ಗೊತ್ತಿಲ್ರಿ ಮಾಸ್ತರ. ನಾ ಕ್ಷಮಾ ಬೇಡಿಲ್ಲ."

"ಬೇಡಿಲ್ಲ? ಯಾಕ?"

ಅವಳು ಪೇಟಿಯನ್ನು ಕಟ್ಟೆಯ ಮೇಲಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಬೇಡಿದ್ರ ಆಕಿ ಹೂಂ ಅನಬೇಕಾಗ್ತದ್ರಿ. ಸಭಿ ಒಳಗ ಬೆಳದಾಕಿ, ಇಲ್ಲ ಅನ್ಲಿಕ್ ಬಾಯಿ ಬರಂಗಿಲ್ಲ. ಆಕಿ ಮನಸ್ಸಿನ್ಯಾಗಿಂದು ಆಕಿ ಒಪ್ಪಿಗಿ ಇಲ್ದೆ ಒಮ್ಮೆ ಹೊರಗ ತಗದೀನಿ. ಇನ್ನೊಮ್ಮೆ ತಗ್ಯಂಗಿಲ್ಲ."